ಅಲುಗಾಡುತ್ತಿದ್ದ ಬ್ಯಾಟರಿ: ಟ್ರ್ಯಾಕ್ ಡೇಗೆ ಹೊರಟ ಒಂದು ಕಾರಿನ ಪ್ರಕರಣ

ಬುಧವಾರ ಸಂಜೆ ಕತ್ತಲಾಗುವ ಹೊತ್ತಿಗೆ ಕಾರು ಕುಮಟಾದ ನಮ್ಮ ಗ್ಯಾರೇಜಿಗೆ ಬಂತು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದದ್ದು. ಬ್ರೇಕಿನ ಬಿಸಿ ವಾಸನೆ ಇನ್ನೂ ಆರಿರಲಿಲ್ಲ. ಹದಿಮೂರು ವರ್ಷದ ಸಣ್ಣ ಪೆಟ್ರೋಲ್ ಕಾರು. ಓಡಿಸಿಕೊಂಡು ಬಂದ ಹುಡುಗ ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯವನು. ಅವನ ಅತ್ತೆ ಮನೆ ನಮ್ಮ ಬೀದಿಯಲ್ಲೇ ಇದೆ. ಹಾಗಾಗಿ ಅವನು ಸಣ್ಣವನಿದ್ದಾಗಿಂದ ಪರಿಚಯ.

"ಅಣ್ಣ, ಆಲ್ಟರ್ನೇಟರ್ ಹೋಯ್ದು ಕಾಣ್ತು," ಅಂದ. ಎಂಜಿನ್ ಓಡುವಾಗ ಕರೆಂಟು ಮಾಡಿ ಬ್ಯಾಟರಿ ತುಂಬುವ ಯಂತ್ರ ಅದು, ಕೆಟ್ಟಿದೆ ಅಂತ ಅವನ ಅನುಮಾನ.

ಘಟ್ಟದ ತಿರುವುಗಳಲ್ಲಿ ಎರಡು ಸಲ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಿಣುಕಿ ಆರಿದ್ದವಂತೆ. ಒಂದು ಕಡೆ ಜೋರಾಗಿ ಬ್ರೇಕ್ ಒತ್ತಿದಾಗ ಎಂಜಿನ್ನೇ ನಿಂತಿತ್ತು. ಗಾಡಿ ಗೇರಿನಲ್ಲೇ ಉರುಳುತ್ತಿದ್ದರಿಂದ ಮತ್ತೆ ಹಿಡಿದುಕೊಂಡಿತು. ಕೆಳಗೆ ಬಂದು ನೋಡಿದರೆ ಗಡಿಯಾರ 12:00ಕ್ಕೆ ಹೋಗಿ ಕೂತಿತ್ತು. ಇದೆಲ್ಲ ಅವನು ಸಮಾಧಾನದಿಂದಲೇ ಹೇಳಿದ. ನನಗೆ ಮಾತ್ರ ಎದೆ ಝಲ್ಲೆಂದಿತು. ಘಟ್ಟದ ಇಳಿಜಾರಿನಲ್ಲಿ ಎಂಜಿನ್ ನಿಂತರೆ ಕಾಲಿನ ಒತ್ತಡ ಹೆಚ್ಚಿಸುವ ಬ್ರೇಕಿನ ಬೂಸ್ಟರ್ ಒಂದೆರಡು ಸಲ ಒತ್ತುವಷ್ಟು ಮಾತ್ರ ಸಹಾಯ ಮಾಡುತ್ತದೆ. ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಅವನ ಅವಸರ ಬೇರೆಯದೇ ಇತ್ತು. ಭಾನುವಾರ ಬೆಳಿಗ್ಗೆ ಕೊಯಮತ್ತೂರು ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ. ಎರಡು ವರ್ಷದಿಂದ ದುಡ್ಡು ಕೂಡಿಟ್ಟು ಹೆಸರು ಕೊಟ್ಟಿದ್ದ. ಅಲ್ಲಿ ಟ್ರ್ಯಾಕಿಗೆ ಇಳಿಯುವ ಮುಂಚೆ ಪ್ರತಿ ಕಾರನ್ನೂ ತಪಾಸಣೆ ಮಾಡುತ್ತಾರೆ. ಹುಡುಗರು ಅದಕ್ಕೆ ಸ್ಕ್ರೂಟಿನಿ ಅನ್ನುತ್ತಾರೆ. ಟೈರು, ಬ್ರೇಕು, ಎಣ್ಣೆ ಸೋರಿಕೆ, ಸೀಟ್ ಬೆಲ್ಟು, ಹೆಲ್ಮೆಟ್ಟು ಎಲ್ಲ ನೋಡುತ್ತಾರೆ. ಬಾನೆಟ್ ಎತ್ತಿ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಅಲುಗಾಡಿದರೆ ಟ್ರ್ಯಾಕಿಗೆ ಬಿಡುವುದಿಲ್ಲ. ಸುಮಾರು 600 ಕಿ.ಮೀ. ದೂರ ಹೋಗಿ ಗೇಟಿನಿಂದ ವಾಪಸ್ ಬರುವುದು ಅಂದರೆ ಯಾರಿಗೂ ಬೇಡದ ಮಾತು. ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕಿತ್ತು. ಕೈಯಲ್ಲಿ ಎರಡು ದಿನ, ಮೂರು ರಾತ್ರಿ.

ಮೊದಲು ಸಿಕ್ಕಿದ ಸುಳಿವು

ಎಂಜಿನ್ ಚಾಲೂ ಇಟ್ಟು ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿದೆ. 14.1 ವೋಲ್ಟ್. ಆಲ್ಟರ್ನೇಟರ್ ಚೆನ್ನಾಗಿಯೇ ಇತ್ತು. ಅದು ಹೋಗಿದ್ದರೆ ಇಷ್ಟು ಬರುತ್ತಿರಲಿಲ್ಲ, ಬ್ಯಾಟರಿಯ ಕೆಂಪು ದೀಪ ಉರಿಯುತ್ತಿತ್ತು. ಗಡಿಯಾರದ ಸಂಗತಿ ನನ್ನ ತಲೆಯಲ್ಲಿ ಕೂತಿತ್ತು. ಬ್ಯಾಟರಿಯಿಂದ ಕರೆಂಟು ಕ್ಷಣಕಾಲ ಪೂರ್ತಿ ತಪ್ಪಿದರೆ ಮಾತ್ರ ಗಡಿಯಾರ ಸೊನ್ನೆಯಿಂದ ಶುರುವಾಗುತ್ತದೆ. ಎಲ್ಲೋ ತಂತಿ ಬಿಡುತ್ತಿದೆ ಅಂತಾಯಿತು.

ಹೆಡ್‌ಲೈಟ್ ಹಾಕಲು ಹೇಳಿ, ಎಂಜಿನ್ ಬಂದ್ ಮಾಡಿಸಿ, ಬ್ಯಾಟರಿಯ ಮೇಲೆ ಕೈ ಇಟ್ಟು ಪಕ್ಕಕ್ಕೆ ತಳ್ಳಿದೆ. ಎರಡು ಬೆರಳು ಅಗಲದಷ್ಟು ಜಾರಿತು. ಎದುರಿನ ಗೋಡೆಯ ಮೇಲಿದ್ದ ಬೆಳಕು ಪಟ್ ಅಂತ ಆರಿತು. ಈಚೆ ಎಳೆದೆ, ಬಂತು. ಹುಡುಗ ಇಳಿದು ಬಂದು ನೋಡಿದ. "ಇದನ್ನ ರಬ್ಬರಿನಲ್ಲಿ ಕಟ್ಟಿದ್ರಲ್ಲ ಅಣ್ಣ, ಗಟ್ಟಿನೇ ಇತ್ತು," ಅಂದ.

ಕಟ್ಟಿದ್ದು ನಿಜ. ಸೈಕಲ್ ಟ್ಯೂಬ್ ಸೀಳಿ ಮಾಡಿದ ಪಟ್ಟಿ. ಎಂಟು ತಿಂಗಳ ಹಿಂದೆ ಕಾರವಾರದಲ್ಲಿದ್ದಾಗ ಹಳೆ ಬ್ಯಾಟರಿ ರಾತ್ರಿ ಕೈಕೊಟ್ಟಿತ್ತು. ಅಂಗಡಿಯಲ್ಲಿ ಸರಿಯಾದ ಅಳತೆಯದು ಇರಲಿಲ್ಲ. ಇದ್ದದ್ದನ್ನೇ ಕೂರಿಸಿ ಕಳಿಸಿದ್ದರು. ಆ ಒಂದು ಬದಲಾವಣೆಯಿಂದ ಮುಂದಿನ ತೊಂದರೆಗಳೆಲ್ಲ ಹುಟ್ಟಿದವು, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಪಾನಿ ಮಾದರಿಯ ಬ್ಯಾಟರಿಗಳ ಮೇಲೆ 38ಬಿ20, 46ಬಿ24 ಅಂತ ಏನಾದರೂ ಬರೆದಿರುತ್ತದೆ. ಕೊನೆಯ ಎರಡು ಅಂಕಿ ಉದ್ದ, ಸೆಂಟಿಮೀಟರಿನಲ್ಲಿ. 20 ಅಂದರೆ ಸುಮಾರು 197 ಮಿ.ಮೀ., 24 ಅಂದರೆ ಸುಮಾರು 238 ಮಿ.ಮೀ. ಈ ಕಾರಿನಲ್ಲಿ ಬ್ಯಾಟರಿ ಕೂರುವ ತಗಡಿನ ತಟ್ಟೆ 24ರದ್ದು. ಕೂರಿಸಿದ್ದು 20. ನಡುವೆ ನಾಲ್ಕು ಸೆಂಟಿಮೀಟರ್ ಖಾಲಿ. ಅಲ್ಲಿಗೆ ಥರ್ಮಾಕೋಲ್ ತುಂಡು ತುರುಕಿದ್ದರು, ಅಡಿಗೂ ಒಂದು ಹಾಳೆ ಹಾಕಿದ್ದರು. ಬ್ಯಾಟರಿಯನ್ನು ಮೇಲಿಂದ ಒತ್ತಿ ಹಿಡಿಯುವ ಕಂಪನಿಯ ಕ್ಲ್ಯಾಂಪ್ ಪಟ್ಟಿ ಇದಕ್ಕೆ ಉದ್ದವಾಯಿತು ಅಂತ ತೆಗೆದು ಡಿಕ್ಕಿಗೆ ಎಸೆದಿದ್ದರು. ಅದರ ಬದಲಿಗೆ ಟ್ಯೂಬು.

ಇನ್ನೊಂದು ಸಂಗತಿ ಗೂಟದ್ದು. ಬ್ಯಾಟರಿಯ ಮೇಲೆ ನಿಂತಿರುವ ಸೀಸದ ಗೂಟಗಳು ಈ ಮಾದರಿಯಲ್ಲಿ ಎರಡು ದಪ್ಪದಲ್ಲಿ ಬರುತ್ತವೆ. ದಪ್ಪದ್ದರಲ್ಲಿ ಪಾಸಿಟಿವ್ 19.5 ಮಿ.ಮೀ., ತೆಳ್ಳಗಿನದರಲ್ಲಿ 14.7. ಕಾರಿನ ಕೇಬಲ್ ಟರ್ಮಿನಲ್ (ಗೂಟವನ್ನು ಸುತ್ತ ಹಿಡಿಯುವ ಬಳೆ) ದಪ್ಪ ಗೂಟಕ್ಕೆ ಮಾಡಿದ್ದು, ಬ್ಯಾಟರಿಯ ಗೂಟ ತೆಳ್ಳಗಿನದು. ನಡುವೆ ತಗಡಿನ ಚೂರು ಸುತ್ತಿ ಬಿಗಿದಿದ್ದರು. ಈ ಗೂಟಗಳು ಬುಡದಲ್ಲಿ ದಪ್ಪ, ತುದಿಗೆ ಹೋದ ಹಾಗೆ ಸಣ್ಣ. ಬ್ಯಾಟರಿ ಜಾರಿದಾಗೆಲ್ಲ ಕೇಬಲ್ ಜಗ್ಗಿ, ಟರ್ಮಿನಲ್ ಒಂದೊಂದೇ ಕೂದಲೆಳೆ ಮೇಲೇರಿ, ಕೊನೆಗೆ ಸಡಿಲವಾಗಿತ್ತು. ಸ್ಟಾರ್ಟ್ ಮಾಡುವಾಗ ಮೀಟರಿನ ಒಂದು ಕಡ್ಡಿ ಗೂಟಕ್ಕೆ, ಇನ್ನೊಂದು ಟರ್ಮಿನಲ್ಲಿಗೆ ಹಿಡಿದೆ. ಹಾಗೆ ನೋಡಿದಾಗ ಹತ್ತಿರ ಹತ್ತಿರ ಸೊನ್ನೆ ಬರಬೇಕು. ಇಲ್ಲಿ 0.9 ವೋಲ್ಟ್ ಬಂತು. ಅಷ್ಟು ವೋಲ್ಟ್ ಆ ತಗಡಿನಲ್ಲೇ ಸುಟ್ಟು ಹೋಗುತ್ತಿತ್ತು. ಎಂಜಿನ್ ಓಡುವಾಗ ಇಲ್ಲಿ ತಂತಿ ಬಿಟ್ಟರೆ ದೀಪ ಆರುವುದಷ್ಟೇ ಆಗಿದ್ದರೆ ಪರವಾಗಿಲ್ಲ. ಆಲ್ಟರ್ನೇಟರ್ ಕಳಿಸುತ್ತಿರುವ ಕರೆಂಟಿಗೆ ಹೋಗಲು ಬ್ಯಾಟರಿಯೇ ಇಲ್ಲದಂತಾಗಿ ವೋಲ್ಟೇಜ್ ಒಮ್ಮೆಲೇ ಏರುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಕೆಡಲು ಅದು ಸಾಕು.

ಒಂದು ಸಣ್ಣ ಲೆಕ್ಕ

ಹುಡುಗನಿಗೆ ಒಂದು ಪ್ರಶ್ನೆ ಇತ್ತು, ನ್ಯಾಯವಾದದ್ದೇ. "ಇಷ್ಟು ಭಾರದ ವಸ್ತು, ಅದರ ತೂಕಕ್ಕೇ ಕೂತಿರೂದಿಲ್ವಾ?"

ಪಕ್ಕದ ಅಂಗಡಿಯ ತೂಕದ ಮೇಲಿಟ್ಟೆವು. 9.6 ಕೆ.ಜಿ. ಪ್ಲಾಸ್ಟಿಕ್ ಡಬ್ಬಿ ಒದ್ದೆ ತಟ್ಟೆಯ ಮೇಲೆ ಕೂತಾಗ ಅದನ್ನು ಜಾರಿಸಲು ತೂಕದ ಕಾಲು ಭಾಗದಷ್ಟು ಒತ್ತಿದರೆ ಸಾಕು ಅಂತ ಇಟ್ಟುಕೊಳ್ಳಿ. ಅಂದರೆ ಎರಡೂವರೆ ಕೆ.ಜಿ. ಒಳಗೆ. ಈಗ ಘಟ್ಟದ ಒಂದು ಮುರಿತಿರುವು, 15 ಮೀಟರ್ ತ್ರಿಜ್ಯ, ಗಂಟೆಗೆ 30 ಕಿ.ಮೀ. ವೇಗ. ಲೆಕ್ಕ ಹಾಕಿದರೆ ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆಯುತ್ತದೆ. ಐದು ಕೆ.ಜಿ. ಹತ್ತಿರ. ಎರಡೂವರೆಗೇ ಜಾರುವುದನ್ನು ಐದು ಎಳೆದರೆ ನಿಲ್ಲುತ್ತದಾ? ಟ್ರ್ಯಾಕಿನಲ್ಲಿ ಒಳ್ಳೆ ಟೈರು ಹಾಕಿ, ಗಟ್ಟಿಯಾಗಿ ಬ್ರೇಕ್ ಹಿಡಿದರೆ ಹೆಚ್ಚುಕಡಿಮೆ ಪೂರ್ತಿ ತೂಕದಷ್ಟೇ ಬಲ ಮುಂದಕ್ಕೆ ನೂಕುತ್ತದೆ. ಅಲ್ಲಿಗೆ ಘಟ್ಟದ ಎರಡು ಪಟ್ಟು. ಅದೂ ಸುತ್ತು ಸುತ್ತಿಗೂ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಕರಿ ಟ್ರ್ಯಾಕ್ 2.1 ಕಿ.ಮೀ.ಯದ್ದು. ಸುತ್ತು ಸಣ್ಣದಾದಷ್ಟು ತಿರುವು ಬೇಗ ಬೇಗ ಬರುತ್ತದೆ. ಇನ್ನು ಚಕ್ರ ಟ್ರ್ಯಾಕಿನ ಅಂಚಿನ ಉಬ್ಬು ಕಟ್ಟೆ (ಕರ್ಬ್) ಹತ್ತಿ ಇಳಿದಾಗ ಬ್ಯಾಟರಿ ಕ್ಷಣಕಾಲ ಹಗುರಾಗಿಬಿಡುತ್ತದೆ. ಆಗ ಆ ಎರಡೂವರೆ ಕೆ.ಜಿ.ಯ ಹಿಡಿತವೂ ಇಲ್ಲ.

ರಬ್ಬರ್ ಎಳೆದಷ್ಟು ಬರುತ್ತದೆ. ಅದಕ್ಕೇ ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸಿದಾಗ ಗಟ್ಟಿ ಅನ್ನಿಸುತ್ತದೆ. ಜೋರಾಗಿ ಎಳೆದಾಗ ಕೊಡುತ್ತದೆ.

ಬ್ಯಾಟರಿ ಜಾರಿದರೆ ಏನಾಗುತ್ತದೆ ಅನ್ನುವುದಕ್ಕೆ ಪಾಸಿಟಿವ್ ಗೂಟ ನೋಡಿದರೆ ಸಾಕು. ಅದು ಬಾನೆಟ್ಟಿಗೋ ಬಾಡಿಯ ತಗಡಿಗೋ ತಾಗಿತು ಅಂದರೆ ನೂರಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ. ಸ್ಟಾರ್ಟರಿನ ದಪ್ಪ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ, ತಡೆಯುವವರು ಯಾರೂ ಇಲ್ಲ. ಪಕ್ಕದಲ್ಲೇ ಪೆಟ್ರೋಲ್ ಪೈಪು. ಬ್ಯಾಟರಿ ಬಿಡುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಷ್ಟು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ತಪಾಸಣೆಯವರು ಬ್ಯಾಟರಿಗೆ ಕೈ ಹಾಕುವುದು ಸುಮ್ನೆ ಅಲ್ಲ.

ಬಾನೆಟ್ಟಿಗೆ ಎಷ್ಟು ಅಂತರ ಇದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಮುಚ್ಚಿದ ಮೇಲೆ ನೋಡುವುದು ಹೇಗೆ? ಮನೆ ಗ್ಯಾರೇಜಿನ ಹಿಂದೆಯೇ. ಚಪಾತಿಗೆ ಕಲಸಿಟ್ಟ ಹಿಟ್ಟಿನಲ್ಲಿ ಒಂದು ಮುದ್ದೆ ತಂದೆ. ಎರಡೂ ಕೇಬಲ್ ಬಿಚ್ಚಿ, ಮುದ್ದೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪಾಸಿಟಿವ್ ಗೂಟದ ಮೇಲೆ ನಿಲ್ಲಿಸಿ ಬಾನೆಟ್ ಮುಚ್ಚಿದೆ. ತೆಗೆದಾಗ ಹಿಟ್ಟು ದೋಸೆಯ ಹಾಗೆ ಚಪ್ಪಟೆಯಾಗಿತ್ತು. ಸ್ಕೇಲ್ ಹಿಡಿದರೆ 6 ಮಿ.ಮೀ. ಅಷ್ಟೇ. ಅಡಿಗಿದ್ದ ಥರ್ಮಾಕೋಲ್ ಬ್ಯಾಟರಿಯನ್ನು ಮೇಲಕ್ಕೆತ್ತಿತ್ತು. ಮೇಲೆ ಪ್ಲಾಸ್ಟಿಕ್ ಟೋಪಿಯೂ ಇರಲಿಲ್ಲ. ಘಟ್ಟದಲ್ಲಿ ಒಂದು ದೊಡ್ಡ ಹೊಂಡ ಸಿಕ್ಕಿದ್ದರೆ? ಹುಡುಗ ಆ ಹಿಟ್ಟನ್ನೇ ನೋಡುತ್ತ ತುಂಬಾ ಹೊತ್ತು ಸುಮ್ಮನಿದ್ದ.

ಮೊದಲ ದುರಸ್ತಿ, ಅದು ನಿಲ್ಲದ್ದು

ರಾತ್ರಿಯೇ ಶುರು ಮಾಡಿದೆ. ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಕೂರಿಸುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಕಾರಣ ಸರಳ. ಕಾರಿನ ಬಾಡಿ ಪೂರ್ತಿ ನೆಗೆಟಿವ್. ನೆಗೆಟಿವ್ ಕೇಬಲ್ ಇನ್ನೂ ಇರುವಾಗ ಪಾಸಿಟಿವ್ ಬಿಚ್ಚಲು ಹೋಗಿ 10 ನಂಬರ್ ಪಾನಾ ಬಾಡಿಗೆ ತಾಗಿದರೆ ಪಾನಾವೇ ಕೆಂಪಗೆ ಕಾಯುತ್ತದೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ಮೊದಲು ತೆಗೆದಿಡಬೇಕು. ಹುಡುಗನ ಕೈಯ ಬೆಳ್ಳಿ ಕಡಗ ಬಿಚ್ಚಿಸಿಯೇ ಹತ್ತಿರ ಬಿಟ್ಟೆ.

ಬ್ಯಾಟರಿಯನ್ನು ಹೊರಗೆ, ಗಾಳಿಯಾಡುವ ಜಗುಲಿಯಲ್ಲಿ ಚಾರ್ಜಿಗೆ ಇಟ್ಟೆವು. ತಟ್ಟೆಯ ಮೇಲೆ ಬಿಳಿ ಹಸಿರು ಪುಡಿ ಕೂತಿತ್ತು. ಅಡಿಗೆ ಸೋಡಾ ನೀರಿಗೆ ಹಾಕಿ ಸುರಿದಾಗ ನೊರೆ ನೊರೆ ಬಂತು. ಆ್ಯಸಿಡ್ ಇತ್ತು ಅಂತ ಅರ್ಥ. ಯಾರೋ ಡಿಸ್ಟಿಲ್ಡ್ ವಾಟರ್ ಗೆರೆ ದಾಟಿ ಕುತ್ತಿಗೆ ತನಕ ತುಂಬಿದ್ದರು. ತಿರುವಿನಲ್ಲಿ ಅದು ಮುಚ್ಚಳದ ಸಂದಿಯಿಂದ ಉಕ್ಕಿ ತಟ್ಟೆಗೆ ಇಳಿದಿತ್ತು. ನೊರೆ ನಿಲ್ಲುವ ತನಕ ಸುರಿದು, ತೊಳೆದು, ಒರೆಸಿದೆ.

ಪೇಟೆಯಲ್ಲಿ ಸಿಗುವ ರೆಡಿಮೇಡ್ ಕ್ಲ್ಯಾಂಪ್ ಸೆಟ್ ನನ್ನ ಹತ್ತಿರ ಇತ್ತು. ಮೇಲೊಂದು ಪಟ್ಟಿ, ಎರಡು ಕೊಕ್ಕೆ ಬೋಲ್ಟು. ಕೊಕ್ಕೆಯನ್ನು ತಟ್ಟೆಯ ತೂತಿಗೆ ಸಿಕ್ಕಿಸಿ, ಮೇಲಿಂದ ನಟ್ಟು ಬಿಗಿದೆ. ಖಾಲಿ ಜಾಗಕ್ಕೆ ಗಟ್ಟಿ ಮರದ ತುಂಡು ಹೊಡೆದೆ. ಎರಡೂ ಕೈಯಲ್ಲಿ ಹಿಡಿದು ಎಳೆದರೆ ಕಾರೇ ತೂಗಿತು, ಬ್ಯಾಟರಿ ಅಲ್ಲಾಡಲಿಲ್ಲ. ಹತ್ತೂವರೆಗೆ ಶಟರ್ ಎಳೆದು ಮಲಗಿದೆ.

ಮಲಗುವ ಮುಂಚೆ ಒಂದು ಕೆಲಸ ಮಾಡಿದ್ದೆ, ಅದೇ ಕಾಪಾಡಿತು. ಮಗಳ ಕೆಂಪು ಉಗುರು ಬಣ್ಣ ತಂದು, ನಟ್ಟಿನ ಮೇಲಿಂದ ಪಟ್ಟಿಯ ತನಕ ಒಂದು ಗೆರೆ ಎಳೆದೆ. ಬ್ಯಾಟರಿಯ ಬುಡದಿಂದ ತಟ್ಟೆಗೆ ಇನ್ನೊಂದು ಗೆರೆ. ಏನಾದರೂ ಸರಿದರೆ ಗೆರೆ ಒಡೆಯುತ್ತದೆ.

ಗುರುವಾರ ಬೆಳಿಗ್ಗೆ ಹೆದ್ದಾರಿಯಲ್ಲೂ ಒಳರಸ್ತೆಯ ಹೊಂಡಗಳಲ್ಲೂ ಸೇರಿ ಹನ್ನೆರಡು ಕಿ.ಮೀ. ಓಡಿಸಿ ಬಂದೆವು. ಬಾನೆಟ್ ಎತ್ತಿದರೆ ನಟ್ಟಿನ ಗೆರೆ ಹಾಗೇ ಇದೆ. ಬುಡದ ಗೆರೆ 4 ಮಿ.ಮೀ. ಸರಿದಿದೆ. ನಟ್ಟು ತಿರುಗಿಲ್ಲ, ಆದರೂ ಬ್ಯಾಟರಿ ಸಡಿಲ! ಕೊಕ್ಕೆ ಸಿಕ್ಕಿಸಿದ್ದ ತೂತು ನೋಡಿದೆ. ಗುಂಡಗಿದ್ದದ್ದು ಉದ್ದವಾಗಿತ್ತು. ಸ್ಕ್ರೂಡ್ರೈವರಿನ ತುದಿ ಇಟ್ಟು ಒತ್ತಿದೆ. ಬಣ್ಣದ ಪೊರೆ ದಾಟಿ ಅದು ಸಲೀಸಾಗಿ ಆಚೆ ಹೋಯಿತು. ತಟ್ಟೆಯ ತಗಡು ಸುಟ್ಟ ಹಪ್ಪಳದ ಹಾಗೆ ಪುಡಿ ಪುಡಿಯಾಗಿ ಉದುರಿತು.

ಕಾರು ನಾಲ್ಕು ವರ್ಷ ಕಾರವಾರದಲ್ಲಿ, ಕಡಲಿಗೆ ಹತ್ತಿರ, ಮೇಲೆ ಚಾವಣಿ ಇಲ್ಲದೆ ನಿಂತಿತ್ತು. ಉಪ್ಪು ಗಾಳಿ ಒಂದು ಕಡೆ, ಉಕ್ಕಿದ ಆ್ಯಸಿಡ್ ಇನ್ನೊಂದು ಕಡೆ. ಮೇಲೆ ಬಣ್ಣ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತಿತ್ತು, ಒಳಗೆ ಏನೂ ಉಳಿದಿರಲಿಲ್ಲ. ನಾನು ರಾತ್ರಿ ತೊಳೆದೆ, ಒರೆಸಿದೆ, ಚುಚ್ಚಿ ನೋಡಲಿಲ್ಲ. ಕ್ಲ್ಯಾಂಪ್ ಎಷ್ಟು ಗಟ್ಟಿ ಅನ್ನುವುದರ ಮೇಲೇ ನನ್ನ ಗಮನ ಇತ್ತು, ಅದು ಹಿಡಿದುಕೊಂಡಿದ್ದು ಯಾವುದನ್ನು ಅಂತ ನೋಡಲಿಲ್ಲ. ಕರಾವಳಿಯಲ್ಲಿ ಓಡಿದ ಕಾರಿಗೆ ನಾನು ಈಗ ಮೊದಲು ಮಾಡುವುದು ಆ ಚುಚ್ಚುವ ಪರೀಕ್ಷೆಯನ್ನೇ.

"ಡಿಕ್ಕಿಗೆ ಹಾಕಿದ್ರೆ ಹೇಗೆ?"

ತಟ್ಟೆ ಹೋಯಿತು ಅಂದ ಕೂಡಲೇ ಹುಡುಗನಿಗೆ ಈ ಯೋಚನೆ ಬಂತು. ಮುಂದಿನ ಭಾರ ಹಿಂದಕ್ಕೆ ಹೋಗುತ್ತದೆ, ರೇಸಿನ ಕಾರುಗಳಲ್ಲಿ ಹಾಗೆ ಮಾಡುತ್ತಾರೆ ಅಂತ.

ಮಾಡುತ್ತಾರೆ, ಹೌದು. ಆದರೆ ಹೇಗೆ ಮಾಡುತ್ತಾರೆ ಅಂತಲೂ ನೋಡಬೇಕಲ್ವಾ? ಬ್ಯಾಟರಿಯನ್ನು ಮೂಲ ಜಾಗದಿಂದ ಬೇರೆ ಕಡೆ ಸಾಗಿಸಿದರೆ ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಲೋಹದ ಪೀಠ ಬೇಕು, ಇನ್ಸುಲೇಶನ್ ಇರುವ ಎರಡು ಲೋಹದ ಪಟ್ಟಿ ಬೇಕು. ಬೋಲ್ಟು ಕನಿಷ್ಠ 10 ಮಿ.ಮೀ. ದಪ್ಪ ಇರಬೇಕು. ಪ್ರತಿ ಬೋಲ್ಟಿನ ಕೆಳಗೆ, ಬಾಡಿಯ ತಗಡಿನ ಆಚೆ ಬದಿಗೆ, ಕನಿಷ್ಠ 3 ಮಿ.ಮೀ. ದಪ್ಪದ, 20 ಚದರ ಸೆಂ.ಮೀ. ವಿಸ್ತಾರದ ಪ್ಲೇಟು ಇರಬೇಕು. ತೆಳ್ಳಗಿನ ತಗಡಿನಿಂದ ಬೋಲ್ಟು ಕಿತ್ತು ಬಾರದಿರಲಿ ಅಂತ. ಅದರ ಮೇಲೆ ಕಾರಿನ ಉದ್ದಕ್ಕೂ ದಪ್ಪ ಕೇಬಲ್, ಅದಕ್ಕೆ ಫ್ಯೂಸ್, ಜನ ಕೂರುವ ಜಾಗದಲ್ಲಿ ಆ್ಯಸಿಡ್ ಸೋರದ ಬ್ಯಾಟರಿ. ಟ್ರ್ಯಾಕ್ ಡೇಗೆ ಈ ನಿಯಮ ಅಕ್ಷರಶಃ ಹಿಡಿಯುತ್ತಾರೆ ಅಂತ ಇಲ್ಲ, ಆಯೋಜಕರ ಪಟ್ಟಿ ಒಬ್ಬರದ್ದು ಒಂದು ಥರ. ಆದರೂ ಎರಡು ದಿನದ ಅವಸರದಲ್ಲಿ ಮಾಡುವ ಕೆಲಸ ಇದಲ್ಲ. "ತಮ್ಮಾ, ಇದ್ದ ಜಾಗದಲ್ಲೇ ಇರಲಿ, ಅಲ್ಲೇ ಗಟ್ಟಿ ಮಾಡುವಾ," ಅಂದೆ. ಒಪ್ಪಿದ.

ಸರಿಯಾದ ಉದ್ದದ, ದಪ್ಪ ಗೂಟದ ಬ್ಯಾಟರಿ ತರಿಸುವುದು ಇನ್ನೊಂದು ದಾರಿ. ಅದೇ ಉತ್ತಮ ಅಂತ ನಾನೂ ಹೇಳಿದೆ. ಹುಬ್ಬಳ್ಳಿಯಿಂದ ಬರಬೇಕಿತ್ತು, ಶುಕ್ರವಾರದೊಳಗೆ ಬರುವ ಖಾತ್ರಿ ಸಿಗಲಿಲ್ಲ. ಈ ಬ್ಯಾಟರಿ ಎಂಟೇ ತಿಂಗಳದ್ದು. ಚಾರ್ಜಾಗಿ ರಾತ್ರಿಯೆಲ್ಲ ಇಟ್ಟ ಮೇಲೂ 12.6 ವೋಲ್ಟ್ ಹಿಡಿದಿತ್ತು, ಎಂಜಿನ್ನನ್ನು ಸಲೀಸಾಗಿ ತಿರುಗಿಸುತ್ತಿತ್ತು. ಇದನ್ನೇ ಇಟ್ಟುಕೊಂಡು ಇದರ ಅಳತೆಗೆ ಹೊಸ ಪೀಠ ಮಾಡುವುದು ಅಂತ ತೀರ್ಮಾನವಾಯಿತು.

ಎರಡನೇ ದುರಸ್ತಿ

ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವ ತನಕ ಕತ್ತರಿಸಿದೆ. ಕೆಳಗಿನ ಬ್ರಾಕೆಟ್ ದಪ್ಪದ್ದು, ಅದಕ್ಕೆ ತುಕ್ಕು ಮೇಲೆ ಮೇಲೆ ಮಾತ್ರ ಹಿಡಿದಿತ್ತು. ಎಲ್ಲ ಕಡೆ ಚುಚ್ಚಿ, ಸುತ್ತಿಗೆಯಲ್ಲಿ ತಟ್ಟಿ ನೋಡಿದೆ. ಈ ಸಲ ಅವಸರ ಮಾಡಲಿಲ್ಲ. ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹಾಕಿ, ಒಣಗಲು ಬಿಟ್ಟು ವೆಲ್ಡಿಂಗ್ ಅಂಗಡಿಗೆ ಹೋದೆವು.

ಅಲ್ಲಿ 3 ಮಿ.ಮೀ. ಕಬ್ಬಿಣದ ಪ್ಲೇಟು ಕತ್ತರಿಸಿ, ಅದರ ಮೇಲೆ ನಾಲ್ಕೂ ಸುತ್ತ 25 ಮಿ.ಮೀ. ಆ್ಯಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಇಟ್ಟು ಚೌಕಟ್ಟು ಬೆಸೆಸಿದೆವು. ಬ್ಯಾಟರಿಯ ಬುಡ ಅದರೊಳಗೆ ರಬ್ಬರ್ ಹಾಳೆಯ ಸಮೇತ ಬಿಗಿಯಾಗಿ ಕೂರುವ ಅಳತೆ. ಈ ಚೌಕಟ್ಟೇ ಇಡೀ ಕೆಲಸದ ಜೀವ. ಮೊದಲು ಎಲ್ಲ ದಿಕ್ಕಿನ ಎಳೆತವೂ ಮೇಲಿನ ಪಟ್ಟಿಯ ಮೇಲೇ ಬೀಳುತ್ತಿತ್ತು. ಈಗ ಎಡ, ಬಲ, ಹಿಂದೆ, ಮುಂದೆ ಯಾವ ಕಡೆ ನೂಕಿದರೂ ಬುಡದ ಆ್ಯಂಗಲ್ ತಡೆಯುತ್ತದೆ. ಮೇಲಿನ ಪಟ್ಟಿಗೆ ಉಳಿದದ್ದು ಮೇಲಕ್ಕೆ ಹಾರದಂತೆ ಹಿಡಿಯುವ ಕೆಲಸ ಮಾತ್ರ.

ಬೆಸುಗೆಯನ್ನೆಲ್ಲ ಅಂಗಡಿಯಲ್ಲೇ, ಕಾರಿನಿಂದ ದೂರ ಮುಗಿಸಿದೆವು. ಕಾರಿನ ಮೇಲೆ ವೆಲ್ಡಿಂಗ್ ಮಾಡಿದರೆ ಆ ಕರೆಂಟು ಎಲ್ಲೆಲ್ಲೋ ಹರಿದು ಕಂಪ್ಯೂಟರಿಗೆ ತೊಂದರೆ. ಪೀಠವನ್ನು ಬ್ರಾಕೆಟ್ಟಿಗೆ ನಾಲ್ಕು 8 ಮಿ.ಮೀ. ಬೋಲ್ಟಿನಲ್ಲಿ ಕೂರಿಸಿದೆ. ಅಡಿಗೆ ಅಗಲದ ಪ್ಲೇಟು, ನೈಲಾಕ್ ನಟ್ಟು. ನೈಲಾಕಿನೊಳಗೆ ನೈಲಾನ್ ಬಳೆ ಇರುತ್ತದೆ, ನಡುಕಕ್ಕೆ ಸಡಿಲವಾಗುವುದಿಲ್ಲ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬೇಡಿ, ಹೊಸದು ಹಾಕಿ.

ಎರಡು ಉದ್ದ ಬೋಲ್ಟು ಪೀಠದಿಂದ ಮೇಲಕ್ಕೆ, ಅವುಗಳ ನಡುವೆ ಪಟ್ಟಿ. ಬೋಲ್ಟಿಗೆ ರಬ್ಬರ್ ಪೈಪ್ ತೊಡಿಸಿದೆ. ಪಟ್ಟಿಗೆ ಲಾರಿ ಟ್ಯೂಬಿನ ರಬ್ಬರ್ ಸುತ್ತಿದೆ. ಕಬ್ಬಿಣದ ಪಟ್ಟಿ ಅಂದರೆ ಬಾಡಿಗೆ ಸೇರಿದ ನೆಗೆಟಿವ್, ಪಾಸಿಟಿವ್ ಗೂಟದಿಂದ ಒಂದು ಗೇಣೂ ದೂರವಿಲ್ಲ. ಬರಿಮೈಯಲ್ಲಿ ಬಿಟ್ಟರೆ ಬ್ಯಾಟರಿ ಉಳಿಸಲು ಹಾಕಿದ್ದೇ ಶಾರ್ಟ್ ಮಾಡೀತು.

ಬಿಗಿಯುವಾಗ ಕೈ ತಡೆಯಬೇಕು. ಬ್ಯಾಟರಿಯ ಡಬ್ಬಿ ಪ್ಲಾಸ್ಟಿಕ್ಕಿನದು. ಎರಡೂ ಕಡೆ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿದು, ಪಟ್ಟಿ ಕೂತಿತು ಅನ್ನಿಸಿದ ಮೇಲೆ ಅರ್ಧ ಸುತ್ತು ಹಾಕಿ ನಿಲ್ಲಿಸಿದೆ. ಸ್ಟೀಲ್ ಸ್ಕೇಲನ್ನು ಡಬ್ಬಿಯ ಪಕ್ಕಕ್ಕೆ ಹಿಡಿದು ಹೊಟ್ಟೆ ಉಬ್ಬಿದೆಯಾ ನೋಡಿದೆ. ಉಬ್ಬಿದ್ದರೆ ಒಳಗಿನ ಪ್ಲೇಟುಗಳ ಮೇಲೆ ಭಾರ ಬಿದ್ದಿದೆ ಅಂತ ಅರ್ಥ. ಸ್ಕೇಲು ನೇರವಾಗಿ ಕೂತಿತು.

ಗೂಟಕ್ಕೆ ಸುತ್ತಿದ್ದ ತಗಡು ಕಿತ್ತು, ಗೂಟ ದಪ್ಪ ಮಾಡಲೆಂದೇ ಸಿಗುವ ಸೀಸದ ಕೊಳವೆ ತೊಡಿಸಿ ಟರ್ಮಿನಲ್ ಬುಡದ ತನಕ ಇಳಿಸಿ ಬಿಗಿದೆ. ಮೇಲೆ ವ್ಯಾಸಲಿನ್ ಸವರಿದೆ, ಉಪ್ಪು ಗಾಳಿ ತಾಗದಿರಲಿ ಅಂತ. ಮತ್ತೆ ಮೀಟರ್ ಹಿಡಿದಾಗ 0.9 ಇದ್ದದ್ದು 0.05ಕ್ಕೆ ಇಳಿದಿತ್ತು. ಮತ್ತೆ ಚಪಾತಿ ಹಿಟ್ಟು. ಥರ್ಮಾಕೋಲ್ ಹೋಗಿ ಪೀಠ ಬಂದ ಮೇಲೆ ಅಂತರ 14 ಮಿ.ಮೀ. ಪಾಸಿಟಿವ್ ಮೇಲೆ ರಬ್ಬರ್ ಟೋಪಿ, ಅದಕ್ಕೊಂದು ಕಟ್ಟು.

ಶುಕ್ರವಾರ ಹೊಸ ಕೆಂಪು ಗೆರೆ ಎಳೆದು ಕತಗಾಲ ದಾಟಿ ದೇವಿಮನೆ ಮೇಲಿನ ದೇವಸ್ಥಾನದ ತನಕ ಹತ್ತಿಸಿದೆವು. ಹುಡುಗ ಒಳಗೆ ಹೋಗಿ ಕೈಮುಗಿದು ಬಂದ. ಅಲ್ಲೇ ಬಾನೆಟ್ ಎತ್ತಿ ನೋಡಿದೆವು. ಇಳಿಯುವಾಗ ಎರಡು ಕಡೆ, ಹಿಂದೆ ಯಾರೂ ಇಲ್ಲದಾಗ, ಗಟ್ಟಿಯಾಗಿ ಬ್ರೇಕ್ ಹಿಡಿಯಲು ಹೇಳಿದೆ. ದೀಪ ಮಿಣುಕಲಿಲ್ಲ. ಗ್ಯಾರೇಜಿಗೆ ಬಂದು ನೋಡಿದರೆ ಏಳೂ ಗೆರೆ ಇದ್ದ ಹಾಗೇ ಇದ್ದವು.

ಭಾನುವಾರ, ಮತ್ತು ಮಂಗಳವಾರ

ತಪಾಸಣೆ ಮುಗಿದ ಕೂಡಲೇ ಫೋನ್ ಮಾಡಿದ. ಬ್ಯಾಟರಿಯನ್ನು ಎರಡು ಕೈಯಲ್ಲಿ ಹಿಡಿದು ಎಳೆದರಂತೆ, ಕಾರಿನ ಮೂಗು ತೂಗಿತಂತೆ, ಟಿಕ್ ಹಾಕಿದರಂತೆ. ಕೆಂಪು ಗೆರೆ ಏನು ಅಂತ ಕೇಳಿ ತಿಳಿದುಕೊಂಡರಂತೆ. ತಡೆದದ್ದು ಬೇರೆ ಕಾರಣಕ್ಕೆ. ಡಿಕ್ಕಿಯಲ್ಲಿ ಜಾಕು, ಪಾನಾ, ಮತ್ತೆ ಆ ಹಳೆ ಕ್ಲ್ಯಾಂಪ್ ಪಟ್ಟಿ ಬಿದ್ದುಕೊಂಡಿದ್ದವು. ಎಲ್ಲ ಹೊರಗೆ ತೆಗೆಸಿ ಬಿಟ್ಟರು. ಅದನ್ನು ನಾನು ಶುಕ್ರವಾರವೇ ನೋಡಬೇಕಿತ್ತು. ಬಿಡಿಯಾಗಿರುವ ವಸ್ತು ಬ್ಯಾಟರಿಯೇ ಆಗಬೇಕು ಅಂತೇನಿಲ್ಲ.

ಮಂಗಳವಾರ ಮಧ್ಯಾಹ್ನ ಅತ್ತೆ ಮನೆಯ ಊಟ ಮುಗಿಸಿ ಗ್ಯಾರೇಜಿಗೆ ಬಂದ. ಮುಖ ಬಿಸಿಲಿಗೆ ಕಂದಿತ್ತು, ಕಣ್ಣಲ್ಲಿ ಸಂತೋಷ. ಇಬ್ಬರೂ ಸೇರಿ ಬಾನೆಟ್ ಎತ್ತಿದೆವು. ಬುಡದ ಗೆರೆ ಒಡೆದಿರಲಿಲ್ಲ. ಪೀಠದ ನಾಲ್ಕು ನಟ್ಟು ಇದ್ದಲ್ಲೇ ಇದ್ದವು. ಮೇಲಿನ ಪಟ್ಟಿಯ ಒಂದು ನಟ್ಟಿಗೆ ಪಾನಾ ಹಾಕಿದರೆ ಕಾಲು ಸುತ್ತು ಹೋಯಿತು. ಗೆರೆ ಒಡೆದಿರಲಿಲ್ಲ, ನಟ್ಟು ತಿರುಗಿರಲಿಲ್ಲ. ಪಟ್ಟಿಯ ರಬ್ಬರ್ ಬಿಸಿಗೆ ಅಷ್ಟು ಅಮರಿತ್ತು. ಹೊಸ ರಬ್ಬರ್ ಹಾಕಿದಾಗ ಮೊದಲ ನೂರು ಕಿ.ಮೀ. ಆದ ಮೇಲೆ ಒಮ್ಮೆ ಬಿಗಿಯಬೇಕು. ಹೊರಡುವಾಗ ಅದನ್ನು ಹೇಳಿ ಕಳಿಸಲು ಮರೆತಿದ್ದೆ. ಈಗ ಹೇಳಿದೆ.

ಹಳೆ ಗೆರೆ ಒರೆಸಿ, ನಟ್ಟು ಬಿಗಿದು, ಹೊಸದು ಎಳೆಯಲು ಶೀಶೆ ಅವನ ಕೈಗೇ ಕೊಟ್ಟೆ. ಮಗು ಬರೆದ ಹಾಗೆ ಸೊಟ್ಟಗೆ ಎಳೆದ. ಒಣಗುವ ತನಕ ಊದಿ, ಬಾನೆಟ್ ಮುಚ್ಚಿ, ಮಳೆ ಬರುವ ಮುಂಚೆ ಘಟ್ಟ ಹತ್ತುತ್ತೇನೆ ಅಂತ ಹೊರಟ.